ಆರನೆಯ ವಾರದವರೆಗೆ ಕಾಯಬಾರದ ಲಸಿಕೆ

ಈ ತಿಂಗಳು ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟು ಓದಿದಾಗ, ಅವುಗಳಲ್ಲಿ ಹೆಚ್ಚಿನವು ಹಲವು ರೋಗಗಳಿಗೆ ಒಂದೇ ಸೂಜಿಯಲ್ಲಿ ಕೊಡುವ ಸಂಯುಕ್ತ ಲಸಿಕೆಯ ಬಗ್ಗೆ, ಅದರಲ್ಲಿಯೂ ಅದರೊಳಗಿರುವ ಹೆಪಟೈಟಿಸ್ ಬಿ ಭಾಗದ ಬಗ್ಗೆ ಇದ್ದುದು ಕಂಡಿತು. ಹೆಪಟೈಟಿಸ್ ಬಿ ಎಂದರೆ ಯಕೃತ್ತಿಗೆ ತಗುಲುವ ಒಂದು ವೈರಸ್ ಸೋಂಕು. ಪೆಂಟಾವೇಲೆಂಟ್ ಎಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಐದಕ್ಕೆ ಕೊಡುವ ಲಸಿಕೆ. ಇವುಗಳ ಜೊತೆಗೆ ಪೋಲಿಯೊ ಸೇರಿದರೆ ಅದು ಹೆಕ್ಸಾವೇಲೆಂಟ್. ಹಿಬ್ ಎನ್ನುವುದು ಪುಟ್ಟ ಮಕ್ಕಳಲ್ಲಿ ಮಿದುಳುಪೊರೆಯ ಉರಿಯೂತವನ್ನೂ ನ್ಯುಮೋನಿಯಾವನ್ನೂ ತರುವ ಬ್ಯಾಕ್ಟೀರಿಯಾ. ಕೆಲವರು ಕೋರಿಕೊಂಡಿರುವುದರಿಂದ ಯಾರ ಹೆಸರನ್ನೂ ಇಲ್ಲಿ ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಮಗುವಿಗೆ ಈಗ ಐದು ವಾರ. ಹುಟ್ಟಿದಾಗ ಹೆಪಟೈಟಿಸ್ ಬಿ ಲಸಿಕೆ ಹಾಕಲಿಲ್ಲ. ‘ಆರನೆಯ ವಾರದ ಸಂಯುಕ್ತ ಲಸಿಕೆಯಲ್ಲಿ ಅದೂ ಇರುತ್ತದೆ, ಬೇರೆಯಾಗಿ ಬೇಕಾಗಿಲ್ಲ’ ಎಂದು ಹೇಳಿ ಕಳುಹಿಸಿದರು. ಈಗ ನೆಂಟರೊಬ್ಬರು ಅದು ತಪ್ಪು ಎನ್ನುತ್ತಿದ್ದಾರೆ. ಯಾರ ಮಾತು ಸರಿ ಡಾಕ್ಟರೇ?

ಉತ್ತರ: ನಿಮ್ಮ ನೆಂಟರ ಮಾತು ಸರಿ. ಆರನೆಯ ವಾರದ ಲಸಿಕೆಯಲ್ಲಿ ಹೆಪಟೈಟಿಸ್ ಬಿ ಇರುವುದು ನಿಜವೇ ಆದರೂ, ಆ ವೈರಸ್ಸಿಗೆ ಮಗುವಿನ ದೇಹವನ್ನು ಹೊಕ್ಕಲು ಅತ್ಯಂತ ಅನುಕೂಲವಾದ ಗಳಿಗೆ ಹೆರಿಗೆಯದು. ಆರು ವಾರ ಕಾಯುವಷ್ಟರಲ್ಲಿ ಆ ಗಳಿಗೆ ಕಳೆದುಹೋಗಿರುತ್ತದೆ. ತಾಯಿಯ ರಕ್ತದಲ್ಲಿ ವೈರಸ್ ಇದ್ದರೆ ಹೆರಿಗೆಯ ಹೊತ್ತಿನಲ್ಲಿ ಅದು ಮಗುವಿಗೆ ದಾಟಬಲ್ಲದು, ಮತ್ತು ಆ ತಾಯಿಗೆ ತನ್ನಲ್ಲಿ ವೈರಸ್ ಇದೆಯೆಂಬುದು ಎಷ್ಟೋ ಸಲ ತಿಳಿದೇ ಇರುವುದಿಲ್ಲ, ಏಕೆಂದರೆ ಈ ಸೋಂಕು ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರಿಸದೆ ಯಕೃತ್ತಿನಲ್ಲಿ ಕುಳಿತಿರುತ್ತದೆ.

ಇಲ್ಲಿ ವಯಸ್ಸು ಎಲ್ಲವನ್ನೂ ನಿರ್ಧರಿಸುತ್ತದೆ. ದೊಡ್ಡವರಿಗೆ ಹೆಪಟೈಟಿಸ್ ಬಿ ತಗುಲಿದರೆ ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿ ಕಾಮಾಲೆ ಬಂದೋ ಬಾರದೆಯೋ ಕೆಲವು ತಿಂಗಳಲ್ಲಿ ವೈರಸ್ಸನ್ನು ತಾವೇ ಹೊರಗಟ್ಟುತ್ತಾರೆ. ಹುಟ್ಟುವಾಗ ತಗುಲಿದ ಮಕ್ಕಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ: ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಸೋಂಕು ಜೀವನಪೂರ್ತಿ ಉಳಿಯುತ್ತದೆ. ಎಳೆಯ ದೇಹ ಆ ವೈರಸ್ಸನ್ನು ಶತ್ರುವೆಂದು ಗುರುತಿಸದೆ ಸಹಿಸಿಕೊಳ್ಳುವುದೇ ಇದಕ್ಕೆ ಕಾರಣ. ಹೀಗೆ ಬಾಲ್ಯದಿಂದ ಸೋಂಕನ್ನು ಹೊತ್ತವರಲ್ಲಿ ನೂರಕ್ಕೆ 15ರಿಂದ 25 ಮಂದಿ ಮುಂದೆ ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವ ಸಿರೋಸಿಸ್‌ನಿಂದಲೋ ಯಕೃತ್ತಿನ ಕ್ಯಾನ್ಸರಿನಿಂದಲೋ ಸಾಯುವ ಸಂಭವವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನ ದೀರ್ಘಕಾಲದ ಹೆಪಟೈಟಿಸ್ ಬಿ ಸೋಂಕಿನೊಂದಿಗೆ ಬದುಕುತ್ತಿದ್ದರು.

ಹಾಗಿದ್ದರೆ ಸಂಯುಕ್ತ ಲಸಿಕೆಯನ್ನೇ ಹುಟ್ಟಿದ ದಿನ ಕೊಡಬಹುದಲ್ಲವೇ ಎಂದು ಕೇಳಬಹುದು. ಕೊಡುವಂತಿಲ್ಲ. ಅದರ ಉಳಿದ ಭಾಗಗಳಿಗೆ, ಮುಖ್ಯವಾಗಿ ನಾಯಿಕೆಮ್ಮಿನ ಮತ್ತು ಹಿಬ್‌ನ ಭಾಗಗಳಿಗೆ, ನವಜಾತ ಶಿಶುವಿನ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ; ತೀರ ಬೇಗ ಕೊಟ್ಟರೆ ಮುಂದಿನ ಡೋಸುಗಳಿಗೂ ಸ್ಪಂದನೆ ಮಂದವಾಗುವ ಸಾಧ್ಯತೆಯಿದೆ. ಹೆಪಟೈಟಿಸ್ ಬಿ ಲಸಿಕೆ ಮಾತ್ರ ಹುಟ್ಟಿದ ಗಂಟೆಯಿಂದಲೇ ಕೆಲಸ ಮಾಡಬಲ್ಲದು. ಆದ್ದರಿಂದ ಮೊದಲ ಡೋಸು ಯಾವಾಗಲೂ ಹೆಪಟೈಟಿಸ್ ಬಿ ಒಂದೇ ಇರುವ ಬಿಡಿ ಲಸಿಕೆಯದಾಗಿರಬೇಕು ಮತ್ತು 24 ಗಂಟೆಗಳೊಳಗೆ ಆಗಬೇಕು. ಸಂಯುಕ್ತ ಲಸಿಕೆ ಆರು ವಾರ ತುಂಬಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2009ರಿಂದ ಇದನ್ನು ಎಲ್ಲ ದೇಶಗಳ ಎಲ್ಲ ಶಿಶುಗಳಿಗೂ ಹೇಳುತ್ತಿದೆ. ಆದರೂ ಇಂದು ಜಗತ್ತಿನಲ್ಲಿ ನೂರರಲ್ಲಿ 80ಕ್ಕೂ ಹೆಚ್ಚು ಶಿಶುಗಳು ಮೂರು ಡೋಸು ಮುಗಿಸಿದರೆ, ಹುಟ್ಟಿದ ದಿನದ ಡೋಸು ಸಿಗುತ್ತಿರುವುದು 45ರ ಆಸುಪಾಸಿಗೆ ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಕಂಡಾಗಲೆಲ್ಲ ನನಗೆ ಒಬ್ಬ ಹುಡುಗನ ನೆನಪಾಗುತ್ತದೆ. ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಮೊದಲು ಮಾಡಿದ ಮಾಮೂಲು ರಕ್ತಪರೀಕ್ಷೆಯಲ್ಲಿ ಏಳು ವರ್ಷದ ಆ ಹುಡುಗನಿಗೆ ಹೆಪಟೈಟಿಸ್ ಬಿ ಇರುವುದು ತಿಳಿಯಿತು. ತಾಯಿ ಲಸಿಕೆ ಕಾರ್ಡನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಮಡಿಕೆ ಬೀಳದಂತೆ ಕಾಪಾಡಿಟ್ಟಿದ್ದರು. ಅದರಲ್ಲಿ ಎಲ್ಲ ಚೌಕಗಳೂ ತಾರೀಕು, ಸಹಿ ಸಮೇತ ತುಂಬಿದ್ದವು. ಎಲ್ಲಕ್ಕಿಂತ ಮೇಲಿನ, ‘ಹುಟ್ಟಿದಾಗ’ ಎಂಬ ಚೌಕ ಮಾತ್ರ ಖಾಲಿಯಿತ್ತು. ಆಮೇಲೆ ಪರೀಕ್ಷಿಸಿದಾಗ ತಾಯಿಗೂ ಸೋಂಕಿತ್ತು. ಆ ತಾಯಿ ಹೇಳಿದ ದಿನಕ್ಕೆ ತಪ್ಪದೆ ಮಗುವನ್ನು ಕರೆತಂದವರು. ತಪ್ಪಿದ್ದು ಅವರ ಕೈಯಲ್ಲಿರಲಿಲ್ಲ.

ಈಗ ನಿಮ್ಮ ವಿಷಯ. ಮಗುವಿನ ತಾಯಿಗೆ ಗರ್ಭಿಣಿಯಾಗಿದ್ದಾಗ ಹೆಪಟೈಟಿಸ್ ಬಿ ಸೋಂಕನ್ನು ಪತ್ತೆಹಚ್ಚುವ ಎಚ್‌ಬಿಎಸ್‌ಎಜಿ ಎಂಬ ರಕ್ತಪರೀಕ್ಷೆ ಆಗಿದೆಯೇ ನೋಡಿ. ಆಗಿದ್ದು, ನೆಗೆಟಿವ್ ಎಂದಿದ್ದರೆ ಚಿಂತೆ ಬಹುಮಟ್ಟಿಗೆ ಬೇಡ. ಆರನೆಯ ವಾರದ ಲಸಿಕೆಯನ್ನು ಒಂದು ದಿನವೂ ತಡಮಾಡದೆ ಹಾಕಿಸಿ. ಆಗಿಲ್ಲದಿದ್ದರೆ ಇಂದೇ ಮಾಡಿಸಿ. ಪಾಸಿಟಿವ್ ಬಂದರೆ ಆರು ವಾರವೆಂದು ದಿನ ಎಣಿಸುತ್ತ ಕೂರದೆ ಅಂದೇ ಮಕ್ಕಳ ವೈದ್ಯರನ್ನು ಕಾಣಿ.

ಪ್ರಶ್ನೆ: ಮಗಳಿಗೆ ಹುಟ್ಟಿದ ದಿನ ಒಂದು ಹೆಪಟೈಟಿಸ್ ಬಿ ಕೊಟ್ಟರು. ಆಮೇಲೆ ಮೂರು ಸಲ ಪೆಂಟಾವೇಲೆಂಟ್. ಒಟ್ಟು ನಾಲ್ಕಾಯಿತು. ಮೂರೇ ಸಾಕು ಎಂದು ಓದಿದ್ದೆ. ಹೆಚ್ಚಾದದ್ದರಿಂದ ಯಕೃತ್ತಿಗೆ ತೊಂದರೆಯಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಲಸಿಕೆಯಲ್ಲಿರುವುದು ಯೀಸ್ಟ್ ಕಣಗಳಲ್ಲಿ ತಯಾರಿಸಿದ, ವೈರಸ್ಸಿನ ಹೊರಕವಚದ ಒಂದು ಪ್ರೋಟೀನ್ ಮಾತ್ರ. ಅದರಲ್ಲಿ ವೈರಸ್ಸೇ ಇಲ್ಲದಿರುವುದರಿಂದ ಎಷ್ಟು ಡೋಸಾದರೂ ಅದು ಯಕೃತ್ತಿಗೆ ಸೋಂಕು ತರಲಾರದು. ಹುಟ್ಟಿದ ದಿನದ ಬಿಡಿ ಡೋಸಿನ ಮೇಲೆ ಮೂರು ಸಂಯುಕ್ತ ಡೋಸುಗಳು ಬರುವುದು ಹಲವು ದೇಶಗಳ ವೇಳಾಪಟ್ಟಿಯಲ್ಲಿಯೇ ಇರುವ ಕ್ರಮ.

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ. ಹೆಪಟೈಟಿಸ್ ಬಿ ಪಾಸಿಟಿವ್ ಎಂದು ಹೋದ ವಾರ ತಿಳಿಯಿತು. ಮನೆಯಲ್ಲಿ ಅತ್ತೆಯವರು ಮಗುವಿಗೆ ನನ್ನ ಹಾಲು ಕುಡಿಸಬಾರದು ಎನ್ನುತ್ತಿದ್ದಾರೆ. ಮಗುವನ್ನು ಮುಟ್ಟಲೂ ಭಯವಾಗುತ್ತಿದೆ. ಸಂಯುಕ್ತ ಲಸಿಕೆ ಕೊಡಿಸಿದರೆ ಸಾಕಾಗುತ್ತದೆಯೇ?

ಉತ್ತರ: ಅಮ್ಮಾ, ಮೊದಲು ಭಯವನ್ನು ಕೆಳಗಿಡಿ. ಹೆರಿಗೆಗೆ ಮುಂಚೆಯೇ ಇದು ತಿಳಿದದ್ದು ನಿಮ್ಮ ಮಗುವಿಗೆ ದೊಡ್ಡ ಅನುಕೂಲ. ಏನೂ ಮಾಡದೆ ಬಿಟ್ಟರೆ, ರಕ್ತದಲ್ಲಿ ವೈರಸ್ ಹೆಚ್ಚಾಗಿರುವ ತಾಯಂದಿರಿಂದ ನೂರರಲ್ಲಿ 70ರಿಂದ 90 ಮಕ್ಕಳಿಗೆ ಸೋಂಕು ದಾಟುತ್ತದೆ. ಸರಿಯಾದ ಕ್ರಮವನ್ನು ಸರಿಯಾದ ಗಂಟೆಯಲ್ಲಿ ಕೈಗೊಂಡರೆ ಅದರ ಬಹುಪಾಲನ್ನು ತಡೆಯಬಹುದು.

ಈಗಲೇ ಆಗಬೇಕಾದದ್ದು ನಿಮ್ಮ ರಕ್ತದಲ್ಲಿ ವೈರಸ್ ಪ್ರಮಾಣ ಎಷ್ಟಿದೆ ಎಂಬ ಪರೀಕ್ಷೆ. ಅದು ಹೆಚ್ಚಾಗಿದ್ದರೆ, ಗರ್ಭದಲ್ಲಿರುವ ಮಗುವಿಗೆ ಸುರಕ್ಷಿತವೆಂದು ಸಾಬೀತಾಗಿರುವ, ವೈರಸ್ ಪ್ರಮಾಣವನ್ನು ತಗ್ಗಿಸುವ ಟೆನೊಫೊವಿರ್ ಮಾತ್ರೆಯನ್ನು ಹೆರಿಗೆಯವರೆಗೆ ಕೊಡುತ್ತಾರೆ. ಏಳನೆಯ ತಿಂಗಳಲ್ಲಿ ಇನ್ನೂ ಸಮಯವಿದೆ, ಮುಂದೂಡಬೇಡಿ. ಈ ಸೋಂಕಿನ ಕಾರಣಕ್ಕಾಗಿಯೇ ಸಿಸೇರಿಯನ್ ಮಾಡಿಸುವ ಅಗತ್ಯವಿಲ್ಲ.

ಮಗು ಹುಟ್ಟಿದ 12 ಗಂಟೆಗಳೊಳಗೆ ಎರಡು ಚುಚ್ಚುಮದ್ದುಗಳು ಆಗಬೇಕು. ಒಂದು ತೊಡೆಗೆ ಹೆಪಟೈಟಿಸ್ ಬಿ ಬಿಡಿ ಲಸಿಕೆ, ಇನ್ನೊಂದು ತೊಡೆಗೆ ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್. ಎರಡನೆಯದು ಲಸಿಕೆಯಲ್ಲ, ಸಿದ್ಧವಾಗಿಯೇ ಇರುವ ಪ್ರತಿಕಾಯ, ಎಂದರೆ ವೈರಸ್ಸನ್ನು ಹಿಡಿದು ತಡೆಯುವ ರಕ್ತದ ಪ್ರೋಟೀನ್. ಲಸಿಕೆಯಿಂದ ಮಗುವಿನ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುವವರೆಗೆ ಅದು ಕಾವಲಿಗೆ ನಿಲ್ಲುತ್ತದೆ. ಈ ವೈರಸ್ ದೇಹವನ್ನು ಸೇರಿದ ಮೇಲೆ ಬೇರೂರಲು ವಾರಗಳು, ತಿಂಗಳುಗಳು ತೆಗೆದುಕೊಳ್ಳುತ್ತದೆ. ಆ ನಿಧಾನವೇ ನಮಗೆ ಸಿಗುವ ಅವಕಾಶವಾದ್ದರಿಂದ, ಹೆರಿಗೆಯಾದ ಮೇಲೆ ಕೊಟ್ಟ ಲಸಿಕೆಯೂ ಸೋಂಕನ್ನು ತಡೆಯಬಲ್ಲದು. ಗಂಟೆಗಳು ಕಳೆದಷ್ಟೂ ಆ ಅವಕಾಶ ಕುಗ್ಗುತ್ತದೆ. ಆದ್ದರಿಂದ ಇವೆರಡೂ ಹೆರಿಗೆಯ ಸ್ಥಳದಲ್ಲಿ ಸಿಗುತ್ತವೆಯೇ ಎಂದು ಮುಂಚೆಯೇ ಕೇಳಿ ಖಚಿತಪಡಿಸಿಕೊಳ್ಳಿ. ರಾತ್ರಿ ಹೊತ್ತಿನಲ್ಲಿ, ರಜಾದಿನದಲ್ಲಿ ಹೆರಿಗೆಯಾದರೆ ಯಾರು ಕೊಡುತ್ತಾರೆ ಎಂಬುದನ್ನೂ ಕೇಳಿ. ಮಗುವಿನ ತೂಕ 2 ಕೆಜಿಗಿಂತ ಕಡಿಮೆಯಿದ್ದರೂ ಈ ಡೋಸನ್ನು ತಪ್ಪಿಸಬಾರದು. ಅದನ್ನು ಲೆಕ್ಕಕ್ಕೆ ಹಿಡಿಯದೆ ಆಮೇಲೆ ಇನ್ನೂ ಮೂರು ಡೋಸು ಕೊಡುತ್ತಾರೆ, ಅಷ್ಟೆ.

ಅಲ್ಲಿಂದ ಮುಂದಿನ ಡೋಸುಗಳು ಸಂಯುಕ್ತ ಲಸಿಕೆಯಲ್ಲಿಯೇ ಬರಬಹುದು. ಅವುಗಳಲ್ಲಿ ಒಂದನ್ನೂ ತಪ್ಪಿಸಬೇಡಿ. ಮಗುವಿಗೆ 9ರಿಂದ 12 ತಿಂಗಳಾದಾಗ ಎರಡು ರಕ್ತಪರೀಕ್ಷೆಗಳನ್ನು ಮಾಡಿಸಬೇಕು: ಸೋಂಕು ಇದೆಯೇ ಎಂದು ನೋಡಲು ಎಚ್‌ಬಿಎಸ್‌ಎಜಿ, ರಕ್ಷಣೆ ಬಂದಿದೆಯೇ ಎಂದು ನೋಡಲು ಆಂಟಿ ಎಚ್‌ಬಿಎಸ್. ಎರಡನೆಯದು 10 (ವರದಿಯಲ್ಲಿ mIU/mL ಎಂಬ ಅಳತೆಯಲ್ಲಿ) ಅಥವಾ ಅದಕ್ಕಿಂತ ಹೆಚ್ಚಿದ್ದು ಮೊದಲನೆಯದು ನೆಗೆಟಿವ್ ಬಂದರೆ ಮಗು ಪಾರಾಯಿತು. ಒಂಬತ್ತು ತಿಂಗಳಿಗೆ ಮೊದಲು ಪರೀಕ್ಷಿಸಿದರೆ ಹುಟ್ಟಿದಾಗ ಕೊಟ್ಟ ಇಮ್ಯುನೊಗ್ಲಾಬ್ಯುಲಿನ್ನೇ ಫಲಿತಾಂಶದಲ್ಲಿ ಕಂಡು ದಾರಿ ತಪ್ಪಿಸಬಹುದು, ಅದಕ್ಕಾಗಿ ಕಾಯಬೇಕು.

ಹಾಲಿನ ವಿಷಯಕ್ಕೆ ಬಂದರೆ, ನಿಮ್ಮ ಹಾಲನ್ನು ನಿಶ್ಚಿಂತೆಯಿಂದ ಕುಡಿಸಿ. ಹೆಪಟೈಟಿಸ್ ಬಿ ತಾಯಿಯ ಹಾಲಿನಿಂದ ಹರಡುವುದಿಲ್ಲ. ಅಪ್ಪುಗೆಯಿಂದ, ಮುತ್ತು ಕೊಡುವುದರಿಂದ, ಜೊತೆಯಲ್ಲಿ ಉಣ್ಣುವುದರಿಂದಲೂ ಹರಡುವುದಿಲ್ಲ. ಮೊಲೆತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಅದು ಮಾಯುವವರೆಗೆ ವೈದ್ಯರನ್ನು ಕೇಳಿ ನಡೆದುಕೊಳ್ಳಿ. ಅತ್ತೆಯವರ ಆತಂಕವೂ ಮೊಮ್ಮಗುವಿನ ಮೇಲಿನ ಪ್ರೀತಿಯಿಂದಲೇ ಬಂದದ್ದು. ಈ ಪುಟವನ್ನು ಅವರಿಗೂ ಓದಿ ಹೇಳಿ. ಹರಡುವುದು ರಕ್ತದಿಂದ, ದೇಹದ ಸ್ರಾವಗಳಿಂದ. ಕಣ್ಣಿಗೆ ಕಾಣದಷ್ಟು ಒಣಗಿದ ರಕ್ತದಲ್ಲಿಯೂ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಜೀವಂತವಿರಬಲ್ಲದು. ಆದ್ದರಿಂದ ಹಲ್ಲುಜ್ಜುವ ಬ್ರಷ್ಷು, ರೇಜರ್, ಉಗುರು ಕತ್ತರಿಸುವ ಸಾಧನ ನಿಮ್ಮದು ನಿಮಗೇ ಇರಲಿ. ಮನೆಯ ಉಳಿದವರೂ ರಕ್ತಪರೀಕ್ಷೆ ಮಾಡಿಸಿಕೊಂಡು, ಸೋಂಕು ಇಲ್ಲದವರು ಲಸಿಕೆ ಹಾಕಿಸಿಕೊಳ್ಳಲಿ. ಮಗುವಿನ ಓಡಾಟದಲ್ಲಿ ನಿಮ್ಮ ಯಕೃತ್ತಿನ ತಪಾಸಣೆಯನ್ನು ನೀವೂ ಮರೆಯಬೇಡಿ.

ಪ್ರಶ್ನೆ: ಆರು ರೋಗಗಳ ಲಸಿಕೆ ಒಂದೇ ಸಲ! ಅಷ್ಟು ಪುಟ್ಟ ದೇಹ ತಡೆದುಕೊಳ್ಳುತ್ತದೆಯೇ? ಬೇರೆ ಬೇರೆಯಾಗಿ, ಬಿಡುವು ಕೊಟ್ಟು ಹಾಕಿಸುವುದು ಒಳ್ಳೆಯದಲ್ಲವೇ? ಎಲ್ಲವನ್ನೂ ಒಂದೇ ಸೀಸೆಯಲ್ಲಿ ಬೆರೆಸಿದರೆ ಶಕ್ತಿ ಕುಂದುವುದಿಲ್ಲವೇ?

ಉತ್ತರ: ಮೊದಲ ಪ್ರಶ್ನೆ ಬಹಳ ತಾಯಂದಿರದು, ಕೊನೆಯ ಪ್ರಶ್ನೆ ಲಸಿಕೆ ತಯಾರಿಸುವ ವಿಜ್ಞಾನಿಗಳದೇ. ಎರಡಕ್ಕೂ ವಿವರವಾಗಿಯೇ ಉತ್ತರಿಸಬೇಕು.

ದೇಹ ಲೆಕ್ಕ ಹಾಕುವುದು ಸೂಜಿಗಳನ್ನಲ್ಲ, ರೋಗಗಳ ಹೆಸರನ್ನೂ ಅಲ್ಲ. ತಾನು ಗುರುತಿಸಬೇಕಾದ ಪ್ರೋಟೀನ್ ಮತ್ತು ಶರ್ಕರದ ಅಂಶಗಳನ್ನು. ಹಳೆಯ ಕಾಲದ ಸಿಡುಬಿನ ಲಸಿಕೆಯೊಂದರಲ್ಲಿಯೇ ಅಂಥವು ಸುಮಾರು 200 ಇದ್ದವು. ನಾಯಿಕೆಮ್ಮಿನ ಇಡೀ ಬ್ಯಾಕ್ಟೀರಿಯಾವನ್ನು ಕೊಂದು ತಯಾರಿಸುವ ಲಸಿಕೆಯಲ್ಲಿ ಸುಮಾರು 3000 ಇವೆ. ಅದನ್ನು ದಶಕಗಳ ಕಾಲ ಕೋಟ್ಯಂತರ ಮಕ್ಕಳು ಪಡೆದಿದ್ದಾರೆ. ನಾಯಿಕೆಮ್ಮಿನ ಆಯ್ದ ಭಾಗಗಳನ್ನು ಮಾತ್ರ ಬಳಸುವ ಹೆಕ್ಸಾವೇಲೆಂಟ್ ಲಸಿಕೆಯಲ್ಲಿ ಆರು ರೋಗಗಳದ್ದನ್ನು ಕೂಡಿಸಿದರೂ 30ನ್ನು ಮುಟ್ಟುವುದಿಲ್ಲ. ಹೆಪಟೈಟಿಸ್ ಬಿ ಭಾಗದಲ್ಲಿ ಇರುವುದು ಒಂದೇ ಒಂದು. ಹುಟ್ಟಿದ ಗಳಿಗೆಯಿಂದ ಮಗುವಿನ ಚರ್ಮ, ಮೂಗು, ಕರುಳನ್ನು ಸೇರುವ ಅಸಂಖ್ಯ ಸೂಕ್ಷ್ಮಜೀವಿಗಳ ಮುಂದೆ ಇದು ಬಹಳ ಸಣ್ಣ ಕೆಲಸ.

ಬಿಡಿಬಿಡಿಯಾಗಿ ಕೊಡಿಸಿದರೆ ಸೂಜಿಯ ನೋವೂ ಓಡಾಟವೂ ಹೆಚ್ಚುತ್ತವೆ. ಅದಕ್ಕಿಂತ ಮುಖ್ಯವಾಗಿ, ಮಗು ರಕ್ಷಣೆಯಿಲ್ಲದೆ ಕಳೆಯುವ ದಿನಗಳು ಹೆಚ್ಚುತ್ತವೆ. ನಾಯಿಕೆಮ್ಮು ಅತ್ಯಂತ ಅಪಾಯಕಾರಿಯಾಗಿರುವುದು ಮೊದಲ ಕೆಲವು ತಿಂಗಳುಗಳಲ್ಲಿಯೇ.

ಇನ್ನು ಬೆರೆಸುವ ವಿಷಯ. ನಿಮ್ಮ ಸಂಶಯಕ್ಕೆ ಆಧಾರವಿದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರನ್ನು 1940ರ ದಶಕದಿಂದಲೇ ಒಟ್ಟಿಗೆ ಕೊಡಲಾಗುತ್ತಿತ್ತು. ಅದಕ್ಕೆ ಹೆಪಟೈಟಿಸ್ ಬಿ ಸೇರಿದ್ದು 1990ರ ದಶಕದಲ್ಲಿ. ಆದರೆ ಎಲ್ಲ ಲಸಿಕೆಗಳೂ ಒಂದೇ ದ್ರವದಲ್ಲಿ ಹೊಂದಿಕೊಂಡು ಇರುವುದಿಲ್ಲ: ಒಂದರ ಸಂರಕ್ಷಕ ಇನ್ನೊಂದನ್ನು ಕೆಡಿಸಬಹುದು, ಹಿಬ್‌ನ ಭಾಗ ಬೇರೆಯವುಗಳ ಜೊತೆ ಸೇರಿದಾಗ ಅದಕ್ಕೆ ಬರುವ ಪ್ರತಿಕಾಯಗಳು ಕಡಿಮೆಯಾಗಬಹುದು. ಕೆಲವು ಹೆಕ್ಸಾವೇಲೆಂಟ್ ಲಸಿಕೆಗಳ ಪೆಟ್ಟಿಗೆಯಲ್ಲಿ ಸಿರಿಂಜಿನ ಜೊತೆಗೆ ಒಂದು ಪುಟ್ಟ ಸೀಸೆಯನ್ನೂ ನೀವು ನೋಡಿರಬಹುದು. ಅದರ ತಳದಲ್ಲಿ ಬಿಳಿಯ ಪುಡಿ ಬಿಲ್ಲೆಯಂತೆ ಅಂಟಿಕೊಂಡಿರುತ್ತದೆ. ಅದೇ ಹಿಬ್. ಚುಚ್ಚುವ ಮುಂಚೆ ಸಿರಿಂಜಿನ ಮೋಡದಂಥ ದ್ರವವನ್ನು ಅದಕ್ಕೆ ಹಾಕಿ, ಪುಡಿ ಪೂರ್ತಿ ಕರಗುವವರೆಗೆ ಅಲ್ಲಾಡಿಸಿ, ಮತ್ತೆ ಸಿರಿಂಜಿಗೆ ಎಳೆದುಕೊಳ್ಳುತ್ತಾರೆ. ಆ ಸೀಸೆಯನ್ನು ಮರೆತು ಸಿರಿಂಜನ್ನಷ್ಟೇ ಚುಚ್ಚಿದರೆ ಮಗುವಿಗೆ ಐದೇ ಸಿಕ್ಕಂತಾಗುತ್ತದೆ. ಆದ್ದರಿಂದ ಮಗುವನ್ನು ಹಿಡಿದುಕೊಂಡವರು ಅದನ್ನು ಗಮನಿಸುವುದು ತಪ್ಪಲ್ಲ.

ಹೆಪಟೈಟಿಸ್ ಬಿ ಭಾಗದ ಬಗ್ಗೆಯೇ ಒಮ್ಮೆ ಸಂಶಯ ಬಂದದ್ದುಂಟು. 2000ದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದ ಹೆಕ್ಸಾವ್ಯಾಕ್ ಎಂಬ ಆರು ರೋಗಗಳ ಲಸಿಕೆಯಲ್ಲಿ ಆ ಭಾಗದಿಂದ ಸಿಗುವ ರಕ್ಷಣೆ ದೀರ್ಘಕಾಲ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. 2005ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಯಾವ ಮಗುವಿಗೂ ಅದರಿಂದ ಹೆಪಟೈಟಿಸ್ ಬಂದಿದೆಯೆಂದಲ್ಲ, ರಕ್ಷಣೆ ಸಾಲದೇ ಹೋಗಬಹುದೆಂಬ ಸಂಶಯ ಮಾತ್ರಕ್ಕೆ. ಇದನ್ನು ನಾನು ಮುಚ್ಚಿಡಲು ಬಯಸುವುದಿಲ್ಲ, ಏಕೆಂದರೆ ಲಸಿಕೆಗಳ ಮೇಲೆ ಕಣ್ಣಿಟ್ಟಿರುವ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಕಡಿಮೆ. ಬೆರೆಸಿದಾಗಿನ ಸ್ಪಂದನೆ ಬಿಡಿಯಾಗಿ ಕೊಟ್ಟದ್ದಕ್ಕಿಂತ ಹಿಂದೆ ಬೀಳುವುದಿಲ್ಲ ಎಂದು ತೋರಿಸಿದ ಮೇಲೆಯೇ ಸಂಯುಕ್ತ ಲಸಿಕೆಗೆ ಒಪ್ಪಿಗೆ ಸಿಗುತ್ತದೆ. ಇಂದು ಬಳಕೆಯಲ್ಲಿರುವ ಲಸಿಕೆಗಳ ಮೂರು ಡೋಸು ಮುಗಿಸಿದ ಶಿಶುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ಬಿ ವಿರುದ್ಧ ರಕ್ಷಣೆ ಬರುತ್ತದೆ.

ಪ್ರಶ್ನೆ: ಮೊದಲ ಪೆಂಟಾವೇಲೆಂಟ್ ಹಾಕಿಸಿದ ರಾತ್ರಿ ಮಗನಿಗೆ ಜ್ವರ ಬಂತು, ತೊಡೆ ಊದಿತು, ಬಹಳ ಅತ್ತ. ಎರಡನೆಯದಕ್ಕೆ ಹೋಗುವ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟುಕೊಂಡು ಹೋಗಲೇ?

ಉತ್ತರ: ಮೊದಲೇ ಕೊಡಬೇಡಿ. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಝೆಕ್ ದೇಶದ ಅಧ್ಯಯನವೊಂದರಲ್ಲಿ, ಜ್ವರ ಬರುವ ಮೊದಲೇ ಮುನ್ನೆಚ್ಚರಿಕೆಯಾಗಿ ಪ್ಯಾರಾಸಿಟಮಾಲ್ ಪಡೆದ ಶಿಶುಗಳಲ್ಲಿ ಹಲವು ಲಸಿಕೆಗಳ ಪ್ರತಿಕಾಯಗಳು ಕಡಿಮೆ ಮಟ್ಟದಲ್ಲಿದ್ದುದು ಕಂಡುಬಂತು. ಜ್ವರ ಬಂದ ಮೇಲೆ, ಮಗುವಿಗೆ ಅಸೌಖ್ಯವಾಗಿದ್ದರೆ, ತೂಕಕ್ಕೆ ತಕ್ಕಷ್ಟು ಕೊಡಿ. ಇಡೀ ಬ್ಯಾಕ್ಟೀರಿಯಾ ಬಳಸುವ ಪೆಂಟಾವೇಲೆಂಟ್‌ನಲ್ಲಿ ಜ್ವರ ಬಹಳ ಸಾಮಾನ್ಯ. ಅದಕ್ಕೆ ಕಾರಣ ಬಹುಮಟ್ಟಿಗೆ ನಾಯಿಕೆಮ್ಮಿನ ಭಾಗ, ಹೆಪಟೈಟಿಸ್ ಬಿ ಅಲ್ಲ. ಒಂದೆರಡು ದಿನದಲ್ಲಿ ಇಳಿಯುತ್ತದೆ. ಮೂರು ಗಂಟೆಗೂ ಮೀರಿ ಸಮಾಧಾನಪಡಿಸಲಾಗದ ಅಳು, ಫಿಟ್ಸ್, ಮಗು ಸೊರಗಿ ಪೇಲವವಾಗಿ ಸ್ಪಂದಿಸದಿರುವುದು, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ವೈದ್ಯರಲ್ಲಿಗೆ ಹೋಗಿ, ಮುಂದಿನ ಡೋಸಿಗೆ ಮೊದಲು ಅದನ್ನು ತಪ್ಪದೆ ತಿಳಿಸಿ. ನೀವು ಬರೆದಷ್ಟೇ ಆಗಿದ್ದರೆ ಎರಡನೆಯ ಡೋಸು ನಿಲ್ಲಿಸಲು ಕಾರಣವಿಲ್ಲ. ಸಣ್ಣ ನೆಗಡಿ, ಕೆಮ್ಮು ಕೂಡ ಕಾರಣವಲ್ಲ.

ಪ್ರಶ್ನೆ: ಎರಡನೆಯ ಡೋಸಿಗೂ ಮೂರನೆಯದಕ್ಕೂ ನಡುವೆ ಐದು ತಿಂಗಳು ಕಳೆದುಹೋಯಿತು. ಮೊದಲಿನಿಂದ ಶುರು ಮಾಡಬೇಕೇ?

ಉತ್ತರ: ಬೇಡ. ಬಿಟ್ಟಲ್ಲಿಂದ ಮುಂದುವರಿಸಿ, ಪಡೆದ ಡೋಸುಗಳನ್ನು ದೇಹ ಮರೆತಿರುವುದಿಲ್ಲ. ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರವಿರಬೇಕೆಂಬುದು ನಿಯಮವೇ ಹೊರತು, ಹೆಚ್ಚಾದದ್ದಕ್ಕೆ ಮತ್ತೆ ಮೊದಲಿಡುವ ನಿಯಮವಿಲ್ಲ. ಆದರೆ ತಡವಾದಷ್ಟು ದಿನ ರಕ್ಷಣೆ ಅರೆಬರೆಯಾಗಿಯೇ ಇರುತ್ತದೆ, ಈ ವಾರವೇ ಹೋಗಿ.

ಪ್ರಶ್ನೆ: ಮಗಳಿಗೆ ಹದಿನಾರು ವರ್ಷ. ಶಿಶುವಾಗಿದ್ದಾಗ ಎಲ್ಲ ಡೋಸೂ ಆಗಿದೆ. ಈಗ ಪರೀಕ್ಷಿಸಿದರೆ ಹೆಪಟೈಟಿಸ್ ಬಿ ಪ್ರತಿಕಾಯ 10ಕ್ಕಿಂತ ಕಡಿಮೆ ಎಂದು ಬಂದಿದೆ. ಲಸಿಕೆ ವ್ಯರ್ಥವಾಯಿತೇ?

ಉತ್ತರ: ವ್ಯರ್ಥವಾಗಿಲ್ಲ. ರಕ್ತದಲ್ಲಿ ತೇಲುವ ಪ್ರತಿಕಾಯ ವರ್ಷಗಳು ಕಳೆದಂತೆ ಇಳಿಯುತ್ತದೆ, ಆದರೆ ಅದನ್ನು ತಯಾರಿಸುವುದು ಹೇಗೆಂದು ಕಲಿತ ಕಣಗಳು ಉಳಿದಿರುತ್ತವೆ. ವೈರಸ್ ಒಳಬಂದರೆ, ಅದು ಬೇರೂರಲು ತೆಗೆದುಕೊಳ್ಳುವ ವಾರಗಳಲ್ಲಿ ಆ ಕಣಗಳು ಎಚ್ಚೆತ್ತು ಮತ್ತೆ ಪ್ರತಿಕಾಯಗಳನ್ನು ತುಂಬಿಕೊಡುತ್ತವೆ. ಲಸಿಕೆ ಪಡೆದವರನ್ನು 30 ವರ್ಷಗಳ ಕಾಲ ಹಿಂಬಾಲಿಸಿದ ಅಧ್ಯಯನಗಳು ರಕ್ಷಣೆ ಉಳಿದಿರುವುದನ್ನೇ ತೋರಿಸಿವೆ. ಆರೋಗ್ಯವಂತರಿಗೆ ಮತ್ತೆ ಪರೀಕ್ಷೆಯಾಗಲಿ ಬೂಸ್ಟರ್ ಆಗಲಿ ಬೇಕಿಲ್ಲ. ಡಯಾಲಿಸಿಸ್‌ನಲ್ಲಿರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ರಕ್ತದ ಸಂಪರ್ಕವಿರುವ ಕೆಲಸಕ್ಕೆ ಸೇರುವವರು ಮಾತ್ರ ವೈದ್ಯರನ್ನು ಕೇಳಬೇಕು.

ತೈವಾನಿನ ಅನುಭವವನ್ನು ಇಲ್ಲಿ ಹೇಳಲೇಬೇಕು. ಅಲ್ಲಿ 1984ರಲ್ಲಿ ಸೋಂಕಿತ ತಾಯಂದಿರ ಶಿಶುಗಳಿಗೂ 1986ರಿಂದ ಎಲ್ಲ ಶಿಶುಗಳಿಗೂ ಈ ಲಸಿಕೆಯನ್ನು ಕೊಡಲಾರಂಭಿಸಿದರು. 1997ರಲ್ಲಿ ಪ್ರಕಟವಾದ ಲೆಕ್ಕದಂತೆ, 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಪ್ರತಿ ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಇಳಿದಿತ್ತು. ಒಂದು ಲಸಿಕೆ ಮಕ್ಕಳಲ್ಲಿ ಕ್ಯಾನ್ಸರನ್ನೇ ಕಡಿಮೆ ಮಾಡಿತೆಂಬುದು ಆಗ ಹೊಸ ಮಾತು.

ಪ್ರಶ್ನೆ: ನಾನು ಲಸಿಕೆ ಕೊಡುವ ಕೆಲಸದಲ್ಲಿದ್ದೇನೆ. ಫ್ರಿಜ್ಜಿನ ಹಿಂಬದಿಯಲ್ಲಿ, ಮಂಜುಗಡ್ಡೆಗೆ ತಾಗಿ ಹೆಪಟೈಟಿಸ್ ಬಿ ಸೀಸೆಗಳಿದ್ದವು. ಈಗ ದ್ರವವಾಗಿಯೇ ಇವೆ, ಸೀಸೆಯ ಮೇಲಿನ ಬಣ್ಣದ ಗುರುತೂ ಸರಿಯಾಗಿದೆ. ಬಳಸಬಹುದೇ?

ಉತ್ತರ: ನಿಮ್ಮ ಪ್ರಶ್ನೆಗಾಗಿ ಧನ್ಯವಾದಗಳು, ಇದನ್ನು ಕೇಳದೆ ಚುಚ್ಚಿಬಿಡುವುದು ಸುಲಭವಿತ್ತು. ಸೀಸೆಯ ಮೇಲಿನ ಗುರುತು ಬಿಸಿಯನ್ನು ಮಾತ್ರ ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಗೂ ಅದನ್ನೊಳಗೊಂಡ ಸಂಯುಕ್ತ ಲಸಿಕೆಗೂ ಬಿಸಿಗಿಂತ ಹೆಪ್ಪುಗಟ್ಟುವುದೇ ದೊಡ್ಡ ಶತ್ರು; ಬಿಡಿ ಲಸಿಕೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಹೋದರೂ ಹೆಪ್ಪುಗಟ್ಟಬಹುದು. ಆಗ ಪ್ರೋಟೀನನ್ನು ಹಿಡಿದುಕೊಂಡಿರುವ ಅಲ್ಯೂಮಿನಿಯಂ ಲವಣದ ನುಣುಪಾದ ಕಣಗಳು ಗಂಟುಕಟ್ಟುತ್ತವೆ, ಕರಗಿಸಿದರೂ ಮೊದಲಿನಂತಾಗುವುದಿಲ್ಲ. ಅಂಥ ಲಸಿಕೆಯನ್ನು ಪಡೆದ ಮಗುವಿನ ಕಾರ್ಡಿನಲ್ಲಿ ಡೋಸು ಬರೆದಿರುತ್ತದೆ, ದೇಹದಲ್ಲಿ ರಕ್ಷಣೆ ಇಲ್ಲದಿರಬಹುದು.

ಗಟ್ಟಿಯಾಗಿದ್ದುದನ್ನು ಯಾರಾದರೂ ಕಣ್ಣಾರೆ ಕಂಡಿದ್ದರೆ ಪರೀಕ್ಷೆಯೇ ಬೇಡ, ಬಳಸಬೇಡಿ. ಸಂಶಯ ಮಾತ್ರವಿದ್ದರೆ ಅಲ್ಲಾಡಿಸಿ ನೋಡುವ ಪರೀಕ್ಷೆ ಮಾಡಿ. ಅದೇ ತಯಾರಕರ ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಗಟ್ಟಿಮಾಡಿ, ‘ಹೆಪ್ಪುಗಟ್ಟಿದ್ದು, ಬಳಸಬಾರದು’ ಎಂದು ಬರೆದು, ತಾನಾಗಿ ಕರಗಲು ಬಿಡಿ. ಆಮೇಲೆ ಅದನ್ನೂ ಸಂಶಯದ ಸೀಸೆಯನ್ನೂ ಒಂದೇ ಕೈಯಲ್ಲಿ ಹಿಡಿದು ಹತ್ತು ಹದಿನೈದು ಸೆಕೆಂಡು ಚೆನ್ನಾಗಿ ಅಲ್ಲಾಡಿಸಿ, ಸಮತಟ್ಟಾದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಅರ್ಧ ಗಂಟೆಯವರೆಗೆ ಬೆಳಕಿಗೆ ಎದುರಾಗಿ ನೋಡುತ್ತಿರಿ. ಹೆಪ್ಪುಗಟ್ಟಿಸಿದ ಸೀಸೆಯಲ್ಲಿ ಮೇಲ್ಭಾಗ ತಿಳಿಯಾಗುತ್ತ ತಳದಲ್ಲಿ ಬಿಳಿಯ ಗಸಿ ಕೂರುತ್ತದೆ. ಸಂಶಯದ ಸೀಸೆ ಅದಕ್ಕಿಂತ ನಿಧಾನವಾಗಿ ತಿಳಿಯಾದರೆ ಬಳಸಬಹುದು. ಅಷ್ಟೇ ಬೇಗ ಅಥವಾ ಅದಕ್ಕಿಂತ ಬೇಗ ಗಸಿ ಕೂತರೆ, ಅದರ ಜೊತೆಗಿದ್ದ ಎಲ್ಲ ಸೀಸೆಗಳನ್ನೂ ಬೇರೆ ತೆಗೆದಿಟ್ಟು ಮೇಲಿನವರಿಗೆ ತಿಳಿಸಿ. ಉಳಿದವುಗಳನ್ನು ಹಿಂಬದಿಯಿಂದ ಈಚೆ ತಂದು, 2ರಿಂದ 8 ಡಿಗ್ರಿ ಇರುವ ನಡುವಿನ ತಟ್ಟೆಯಲ್ಲಿಡಿ.